ಗುಲ್ಮಾರ್ಗ್‌ನಲ್ಲಿ ಎರಡನೇ ಸಲ ಸ್ಕೀಯಿಂಗ್: ಯಾವ ಲಿಫ್ಟ್ ಮೊದಲು, ಯಾವುದು ಆಮೇಲೆ

ಬೇಸಿಕ್ ಕೋರ್ಸ್ ಮುಗಿದಿದೆ. ಸ್ನೋ ಪ್ಲೋ (ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಡುವುದು) ಹಾಕಿ ನಿಲ್ಲಲು ಬರುತ್ತದೆ, ಯಂತ್ರದಿಂದ ಒತ್ತಿ ಹದ ಮಾಡಿದ ಹಿಮದ ಮೇಲೆ ಎರಡೂ ಸ್ಕೀ ಜೊತೆಗಿಟ್ಟು ತಿರುಗಲೂ ಬರುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಈ ಮಟ್ಟದಲ್ಲಿ ಗುಲ್ಮಾರ್ಗ್‌ಗೆ ಹೊರಡುವವರಿಗೆ ಈ ಬರಹ. ಟಿಕೆಟ್ ಕೊಂಡ ಯಾರನ್ನಾದರೂ ಗೊಂಡೋಲಾ ಎಂಬ ಕೇಬಲ್ ಕಾರ್ ಮೇಲಕ್ಕೆ ಒಯ್ಯುತ್ತದೆ. ಇಳಿಯುವ ಕೆಲಸ ಮಾತ್ರ ನಿಮ್ಮ ತೊಡೆಗಳದ್ದು. ಹಾಗಾಗಿ ಕೆಳಗಿನ ಲಿಫ್ಟ್‌ನಿಂದ ಶುರುಮಾಡಿ, ಒಂದು ಪಳಗಿದ ಮೇಲೆ ಇನ್ನೊಂದಕ್ಕೆ ಹೋಗಿ.

ತಯಾರಿ ಊರಲ್ಲೇ ಆಗಬೇಕು. ನಂದಿ ಬೆಟ್ಟವನ್ನು ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲಲ್ಲಿ ಹತ್ತಿ, ಬರುವಾಗ ಗಾಡಿಯಲ್ಲಿ ಇಳಿಯುವವರಿದ್ದಾರೆ. ಸ್ಕೀಯಿಂಗ್‌ಗೆ ಬೇಕಿರುವುದು ಇದರ ತಿರುಗಾಮುರುಗಾ. ಮೈಭಾರವನ್ನು ತಡೆಯುತ್ತಾ ಇಳಿಯುವಾಗ ತೊಡೆಯ ಸ್ನಾಯು ಮಾಡುವ ಕೆಲಸವೇ ಹಿಮದ ಮೇಲೂ ಇರುವುದು. ಹೊರಡುವ ಮುಂಚಿನ ಆರು ವಾರ, ವಾರಕ್ಕೆ ಎರಡು ಸಲ ಮೆಟ್ಟಿಲು ಇಳಿಯಿರಿ. ಪ್ರತಿ ಮೆಟ್ಟಿಲಿಗೂ ಮೊಣಕಾಲು ಬಗ್ಗಿಸಿ, ಮನಸ್ಸಲ್ಲೇ ಎರಡು ಎಣಿಸಿ, ಆಮೇಲೆ ಕಾಲು ಊರಿ. ಕೋಲಾರದವರಿಗೆ ಅಂತರಗಂಗೆ, ತುಮಕೂರಿನವರಿಗೆ ದೇವರಾಯನದುರ್ಗ ಇದ್ದೇ ಇದೆ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ 45 ಸೆಕೆಂಡ್, ನಾಲ್ಕು ಸುತ್ತು.

ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಂದಿ ಬೆಟ್ಟದ ತುದಿ 1,478 ಮೀಟರ್. ಗುಲ್ಮಾರ್ಗ್ ಸುಮಾರು 2,650, ಗೊಂಡೋಲಾದ ಮೊದಲ ಹಂತ ಮುಗಿಯುವ ಕೊಂಗ್‌ಡೂರಿ 3,000ಕ್ಕಿಂತ ಮೇಲೆ, ಎರಡನೇ ಹಂತ ಮುಗಿಯುವ ಅಫರ್ವತ್‌ನ ನಿಲ್ದಾಣ 3,900ಕ್ಕಿಂತಲೂ ಮೇಲೆ. ಎರಡು ರಾತ್ರಿಯಾದರೂ ಗುಲ್ಮಾರ್ಗ್‌ನಲ್ಲಿ ಮಲಗದೆ ಎರಡನೇ ಹಂತಕ್ಕೆ ಹೋಗಬೇಡಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಮಾತ್ರೆ ನುಂಗಿ ಮುಂದುವರಿಯುವುದಲ್ಲ, ಕೆಳಗಿಳಿಯುವುದು. ಇನ್ನೊಂದು ಮಾತು: ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಹಿಮ ಬಿದ್ದರೆ ಶ್ರೀನಗರದ ವಿಮಾನ ತಡವಾಗುತ್ತದೆ, ವಾಪಸಾತಿಗೆ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ.

ಬಾಡಿಗೆ ಅಂಗಡಿಯಲ್ಲಿ ಅವಸರ ಬೇಡ. ಅರ್ಧ ಗಂಟೆಯನ್ನು ಬೂಟಿಗೇ ಕೊಡಿ. ಒಂದೇ ಜೊತೆ ತೆಳು ಕಾಲುಚೀಲ ಹಾಕಿ. ಎರಡು ಜೊತೆ ಹಾಕಿದರೆ ರಕ್ತ ಸಂಚಾರ ಕಡಿಮೆಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ಅಂಚು ಬೂಟಿನೊಳಗೆ ಸಿಕ್ಕಿಕೊಳ್ಳಬಾರದು, ಆ ಮಡಿಕೆಯೇ ಮಧ್ಯಾಹ್ನದ ಹೊತ್ತಿಗೆ ಬೊಬ್ಬೆ ಎಬ್ಬಿಸುತ್ತದೆ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಕ್ಕೆ ಸೋಕಬೇಕು, ಮೊಣಕಾಲು ಬಗ್ಗಿಸಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಹಿಮ್ಮಡಿ ಮೇಲೆದ್ದರೆ ಬೂಟು ದೊಡ್ಡದು. ‘ಸಡಿಲ ಇದ್ರೆ ಆರಾಮ’ ಅಂತ ಒಂದು ಸೈಜ್ ದೊಡ್ಡದು ತೆಗೆದುಕೊಂಡವರು ಬಕಲ್ ಬಿಗಿದು ಬಿಗಿದು ಪಾದ ಜೋಮು ಹಿಡಿಸಿಕೊಳ್ಳುತ್ತಾರೆ. ಅಷ್ಟಾದರೂ ಸ್ಕೀ ಹೇಳಿದ ಮಾತು ಕೇಳುವುದಿಲ್ಲ. ಸ್ಕೀ ಉದ್ದ ನಿಮ್ಮ ಗದ್ದಕ್ಕೂ ಮೂಗಿಗೂ ನಡುವೆ ಇರಲಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಸೆಟ್ ಮಾಡುವವರಿಗೆ ತೂಕ, ಎತ್ತರ, ವಯಸ್ಸು, ನಿಮ್ಮ ಮಟ್ಟ ಇದ್ದದ್ದು ಇದ್ದಂತೆ ಹೇಳಿ. ಜಂಬಕ್ಕೆ ‘ಎಕ್ಸ್‌ಪರ್ಟ್’ ಅಂದರೆ ಬೈಂಡಿಂಗ್ ಬಿಗಿಯಾಗುತ್ತದೆ. ಬಿದ್ದಾಗ ಸ್ಕೀ ಕಳಚಿಕೊಳ್ಳದಿದ್ದರೆ ತಿರುಚುವುದು ಮೊಣಕಾಲು.

ಮೊದಲ ದಿನ ಕೆಳಗಿನ ಬಯಲಿನ ಡ್ರ್ಯಾಗ್ ಲಿಫ್ಟ್ (ಸ್ಕೀ ಮೇಲೆ ನಿಂತವರನ್ನು ಹಿಮದ ಮೇಲೇ ಎಳೆದೊಯ್ಯುವ ಲಿಫ್ಟ್) ಸಾಕು. ಅದರ ಮೇಲೆ ಕೂರಬೇಡಿ, ನಿಂತೇ ಎಳೆಸಿಕೊಳ್ಳಿ. ಕೂತರೆ ಹಿಂದಕ್ಕೆ ಬೀಳುತ್ತೀರಿ. ಇಲ್ಲಿ ಮಾಡಬೇಕಾದ ಮುಖ್ಯ ಅಭ್ಯಾಸ ಸೈಡ್ ಸ್ಲಿಪ್, ಅಂದರೆ ಅಡ್ಡ ನಿಂತು ಜಾರುವುದು. ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿಟ್ಟು ನಿಲ್ಲಿ. ಭಾರ ಕೆಳಗಿನ ಕಾಲಿನ ಮೇಲೆ, ಎದೆ ಕಣಿವೆಯ ಕಡೆಗೆ. ಈಗ ಎರಡೂ ಮೊಣಕಾಲನ್ನು ನಿಧಾನ ಕೆಳಗಿನ ಕಡೆಗೆ ವಾಲಿಸಿ: ಸ್ಕೀಯ ಲೋಹದ ಅಂಚಿನ ಹಿಡಿತ ಸಡಿಲವಾಗಿ ಸ್ಕೀ ಅಡ್ಡಡ್ಡವೇ ಜಾರುತ್ತದೆ. ಮತ್ತೆ ಬೆಟ್ಟದ ಕಡೆಗೆ ವಾಲಿಸಿದರೆ ಕಚ್ಚಿ ನಿಲ್ಲುತ್ತದೆ. ಕೆಳಗಿನ ಅಂಚು ಹಿಮಕ್ಕೆ ಸಿಕ್ಕಿ ಮುಗ್ಗರಿಸಿದರೆ ಮೊಣಕಾಲು ಅತಿಯಾಗಿ ವಾಲಿದೆ ಎಂದರ್ಥ. ಎರಡೂ ಪಕ್ಕಕ್ಕೆ ಹತ್ತು ಮೀಟರ್ ಜಾರಿ, ಬೇಕೆಂದ ಕಡೆ ನಿಲ್ಲುವಂತಾಗಬೇಕು. ತಿರುವು ಹಾಕಲು ಧೈರ್ಯ ಸಾಲದ ಕಡಿದಾದ ಜಾಗದಲ್ಲಿ ನಿಮ್ಮನ್ನು ಕೆಳಗೆ ತರುವುದು ಇದೊಂದೇ ವಿದ್ಯೆ.

ಆಮೇಲೆ ಕೊಂಗ್‌ಡೂರಿ. ಮಧ್ಯಮ ಮಟ್ಟದವರಿಗೆ ಗುಲ್ಮಾರ್ಗ್‌ನಲ್ಲಿ ಹೇಳಿ ಮಾಡಿಸಿದ ಜಾಗ ಇದು, ಎರಡು ಮೂರು ದಿನ ಇಲ್ಲೇ ಕಳೆದರೂ ನಷ್ಟವಿಲ್ಲ. ಇಲ್ಲಿಂದ ಗುಲ್ಮಾರ್ಗ್‌ಗೆ ಮರಗಳ ನಡುವೆ ಇಳಿಯುವ ದಾರಿಯಿದೆ, ಮೇರಿ ಶೋಲ್ಡರ್ ಎಂಬ ಜಾಗದ ಕಡೆಗೆ ಚೇರ್‌ಲಿಫ್ಟ್ ಇದೆ. ಚೇರ್‌ಲಿಫ್ಟ್ ಹತ್ತುವ ಮುಂಚೆ ಪೋಲಿನ (ಕೈಕೋಲಿನ) ಪಟ್ಟಿಯನ್ನು ಮಣಿಕಟ್ಟಿನಿಂದ ಬಿಡಿಸಿಕೊಳ್ಳಿ. ಇಳಿಯುವಾಗ ಸ್ಕೀ ತುದಿ ಮೇಲಿರಲಿ, ಇಳಿದ ತಕ್ಷಣ ಪಕ್ಕಕ್ಕೆ ಸರಿಯಿರಿ. ಯಾವ ಹೊಸ ಇಳಿಜಾರಾದರೂ ಮೊದಲ ಸಲ ಅರ್ಧ ವೇಗದಲ್ಲಿ ಇಳಿದು, ಎಲ್ಲಿ ಕಿರಿದಾಗುತ್ತದೆ, ಎಲ್ಲಿ ದಿಬ್ಬದಾಚೆ ಕಾಣುವುದಿಲ್ಲ ಎಂದು ನೋಡಿಕೊಳ್ಳಿ. ನಿಲ್ಲುವುದಿದ್ದರೆ ಅಂಚಿನಲ್ಲಿ, ಮೇಲಿನವರಿಗೆ ಕಾಣುವಂತೆ. ಮುಂದೆ ಕೆಳಗಿರುವವರಿಗೆ ದಾರಿ ಬಿಡುವ ಹೊಣೆ ಹಿಂದಿನಿಂದ ಬರುವ ನಿಮ್ಮದು.

ಹಿಮ ದಿನವಿಡೀ ಒಂದೇ ತರ ಇರುವುದಿಲ್ಲ. ಬೆಳಿಗ್ಗೆ ಗಡುಸಾಗಿರುತ್ತದೆ, ಅಂಚು ಚೂಪಿಲ್ಲದ ಬಾಡಿಗೆ ಸ್ಕೀ ಜಾರುತ್ತದೆ, ತಿರುವುಗಳು ಚಿಕ್ಕದಿರಲಿ. ಮಾರ್ಚ್‌ನ ಮಧ್ಯಾಹ್ನ ಬಿಸಿಲಿಗೆ ಅದೇ ಹಿಮ ಗಂಟುಕಟ್ಟಿದ ರಾಗಿ ಅಂಬಲಿಯಂತಾಗಿ ಸ್ಕೀ ತುದಿಯನ್ನು ಹಿಡಿದುಬಿಡುತ್ತದೆ. ಮೋಡ ಕವಿದಾಗ ನೆರಳೇ ಬೀಳದೆ ಉಬ್ಬುತಗ್ಗು ಕಾಣುವುದಿಲ್ಲ. ಆಗ ಬಯಲು ಬಿಟ್ಟು ಮರಗಳ ಪಕ್ಕದ ದಾರಿ ಹಿಡಿಯಿರಿ, ಕಣ್ಣಿಗೆ ಆಧಾರ ಸಿಗುತ್ತದೆ.

ಇನ್ನು ಎರಡನೇ ಹಂತ. ಅಲ್ಲಿ ಹದ ಮಾಡಿದ ದಾರಿಯನ್ನು ನಿರೀಕ್ಷಿಸಬೇಡಿ, ಬಿದ್ದ ಹಿಮ ಬಿದ್ದಂತೆಯೇ ಇರುತ್ತದೆ. ಒಂದೇ ಕಾಲಿನ ಮೇಲೆ ಭಾರ ಹಾಕಿದರೆ ಆ ಸ್ಕೀ ಮುಳುಗುತ್ತದೆ. ಎರಡರ ಮೇಲೂ ಸಮ ಭಾರ ಹಾಕಿ ದೊಡ್ಡ ತಿರುವು ತೆಗೆಯಬೇಕು. ಸ್ಕೀ ಪಟ್ರೋಲ್ (ಇಳಿಜಾರಿನ ಸುರಕ್ಷತೆ ನೋಡಿಕೊಳ್ಳುವ ತಂಡ) ಹಿಮಕುಸಿತದ ನಿಯಂತ್ರಣ ಮಾಡುವುದು ಗೊಂಡೋಲಾ ಸಾಲಿನ ಪಕ್ಕದ ಬೋಗುಣಿಯಾಕಾರದ ಪ್ರದೇಶದಲ್ಲಿ ಮಾತ್ರ. ಅದರಾಚೆಗೆ ಟ್ರಾನ್ಸೀವರ್ (ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ, ಅವನ್ನು ಬಳಸುವ ತರಬೇತಿ ಮತ್ತು ಗೈಡ್ ಇಲ್ಲದೆ ಕಾಲಿಡಬಾರದು. ಮಧ್ಯಮ ಮಟ್ಟದವರು ಆಚೆಗೆ ಹೋಗಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಗುಂಪಿನಲ್ಲಿ ‘ಬಾರೋ, ಏನೂ ಆಗಲ್ಲ’ ಅನ್ನುವವನ ಮಾತು ಇಲ್ಲಿ ನಡೆಯಬಾರದು. ಬೋಗುಣಿಯೊಳಗೂ ಇನ್‌ಸ್ಟ್ರಕ್ಟರ್ ಜೊತೆಗೇ, ಗಾಳಿಯಿಲ್ಲದ ತಿಳಿ ದಿನ ಇಳಿಯಿರಿ. ಮೇಲೆ ಹೋದ ಮೇಲೆ ಬೇಡ ಅನ್ನಿಸಿದರೆ ಗೊಂಡೋಲಾದಲ್ಲೇ ವಾಪಸ್ ಬನ್ನಿ. ಅದರಲ್ಲಿ ಅವಮಾನವೇನಿಲ್ಲ.

ಮೆತ್ತನೆ ಹಿಮದಲ್ಲಿ ಬಿದ್ದು ಸ್ಕೀ ಕಳಚಿದರೆ, ಮೊದಲು ನೀವು ಬಿದ್ದ ಜಾಗದಿಂದ ಮೇಲಕ್ಕೆ ಹುಡುಕಿ. ಹೆಚ್ಚಾಗಿ ಅಲ್ಲೇ ಹೂತಿರುತ್ತದೆ. ಹಾಕಿಕೊಳ್ಳುವಾಗ ಕೆಳಗಿನ ಕಾಲಿನ ಸ್ಕೀ ಮೊದಲು, ಅದಕ್ಕೂ ಮುಂಚೆ ಬೂಟಿನ ತಳದ ಹಿಮವನ್ನು ಪೋಲಿನಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಬೈಂಡಿಂಗ್ ಕಚ್ಚುವುದಿಲ್ಲ. ಸಂಜೆ ರೂಮಿಗೆ ಬಂದ ಕೂಡಲೇ ಬೂಟಿನ ಒಳಪದರ ಹೊರತೆಗೆದು ಒಣಗಿಸಿ, ಆದರೆ ಬುಖಾರಿಯಿಂದ (ಕೋಣೆ ಬೆಚ್ಚಗಿಡುವ ಒಲೆಯಿಂದ) ದೂರ ಇಡಿ. ಒದ್ದೆ ಬೂಟಿನಲ್ಲಿ ಮರುದಿನ ಹನ್ನೊಂದು ಗಂಟೆಗೆಲ್ಲ ಕಾಲು ಮರಗಟ್ಟುತ್ತದೆ.