ಹಂದಿ, ಮುಳ್ಳುಹಂದಿ, ಮಂಗ: ತರಕಾರಿ ಹಿತ್ತಲಿಗೆ ನಾನು ಕಟ್ಟಿದ ಬೇಲಿ

ಮಲೆನಾಡಿನಲ್ಲಿ ಸೋಲಾರ್ ಬೇಲಿ ಹಂದಿಯನ್ನು ತಡೆದರೂ ಮಂಗವನ್ನು ತಡೆಯುವುದಿಲ್ಲ ಎನ್ನುವವರು ಬಹಳ. ದೋಷ ತಂತಿಗೆ ಕರೆಂಟು ಕೊಡುವ ಮೆಷಿನ್ನಿನದಲ್ಲ, ಅರ್ಥಿಂಗ್‌ನದು. ತಂತಿ ಮುಟ್ಟಿದ ಪ್ರಾಣಿಯ ಮೈಯಿಂದ ಕರೆಂಟು ನೆಲಕ್ಕೆ ಇಳಿದರಷ್ಟೇ ಶಾಕ್. ಹಂದಿಯ ಕಾಲು ಹಸಿ ಮಣ್ಣಿನಲ್ಲಿರುತ್ತದೆ, ಮೂತಿ ತಾಗಿದ ಕೂಡಲೇ ಪೆಟ್ಟು ಬೀಳುತ್ತದೆ. ಮಂಗ ಮರದ ಗೂಟ ಹತ್ತಿ ಬರುತ್ತದೆ, ಅದಕ್ಕೆ ನೆಲದ ಸಂಪರ್ಕವೇ ಇಲ್ಲ. ಮಾರ್ಚ್‌ನಲ್ಲಿ ಮಣ್ಣು ಒಣಗಿದರೆ ಹಂದಿಗೂ ಪೆಟ್ಟು ಸಾಲದು.

ಅದಕ್ಕೇ ನಾನು ಜಾಲರಿಯನ್ನೇ ಅರ್ಥ್ (ಕರೆಂಟು ಮೆಷಿನ್ನಿಗೆ ಮರಳುವ ದಾರಿ) ಮಾಡಿಕೊಂಡಿದ್ದೇನೆ. ನಾಲ್ಕಡಿ ಚೈನ್‌ಲಿಂಕ್ ಜಾಲರಿ: ಮೂರಡಿ ಮೇಲೆ, ಒಂದಡಿ ಮಣ್ಣಿನಲ್ಲಿ. ಹೂಳುವ ಭಾಗವನ್ನು ನೇರ ಇಳಿಸದೆ ಹೊರಕ್ಕೆ ಬಗ್ಗಿಸಬೇಕು. ಮುಳ್ಳುಹಂದಿ ಕೆರೆಯುವುದು ಬೇಲಿಯ ಬುಡದಲ್ಲೇ. ಕೆರೆದಲ್ಲೆಲ್ಲ ಜಾಲರಿ ಸಿಕ್ಕರೆ ಬಿಟ್ಟು ಹೋಗುತ್ತದೆ. ತೆಳು ಕೋಳಿಜಾಲರಿ ಅದರ ಹಲ್ಲಿಗೆ ತಡೆಯದು. ಗೂಟಕ್ಕೆ ಕಬ್ಬಿಣದ ಆಂಗಲ್, ಎಂಟಡಿಗೊಂದು.

ಕರೆಂಟಿನ ತಂತಿ 14 ಗೇಜಿನ ಜಿಐ (ಸತು ಲೇಪಿಸಿದ ಕಬ್ಬಿಣ), ಐದು ಸಾಲು. ಎರಡು ಸಾಲು ಜಾಲರಿಯ ಹೊರಗೆ, ಆರು ಇಂಚು ಚಾಚಿದ ಇನ್ಸುಲೇಟರ್ ಮೇಲೆ, ನೆಲದಿಂದ 8 ಮತ್ತು 16 ಇಂಚು ಎತ್ತರಕ್ಕೆ. ಅದು ಹಂದಿಯ ಮೂತಿ ಬರುವ ಮಟ್ಟ. ಇದಕ್ಕಿಂತ ಕೆಳಗೆ ಎಳೆಯಲೇಬೇಡಿ. ಆಮೆ, ಚಿಪ್ಪುಹಂದಿ ಶಾಕ್ ತಗುಲಿದರೆ ಓಡುವುದಿಲ್ಲ. ಅಲ್ಲೇ ಮುದುಡಿ, ಪೆಟ್ಟಿನ ಮೇಲೆ ಪೆಟ್ಟು ತಿಂದು ಸಾಯುತ್ತವೆ. ಉಳಿದ ಮೂರು ಸಾಲು ಜಾಲರಿಗೆ ತಾಗದಂತೆ ಅದರ ತುದಿಯಿಂದ ಮೇಲಕ್ಕೆ, ಐದೈದು ಇಂಚು ಅಂತರದಲ್ಲಿ. ಮಂಗ ಜಾಲರಿಯ ಮೇಲೆ ಕಾಲಿಟ್ಟು ಕೈಯಲ್ಲಿ ತಂತಿ ಹಿಡಿಯಿತೆಂದರೆ ಸರ್ಕ್ಯೂಟ್ ಪೂರ್ತಿಯಾಯಿತು. ಬೇಲಿಯಿಂದ ಹದಿನೈದು ಅಡಿಯೊಳಗಿನ ಕೊಂಬೆಗಳನ್ನು ಮಾತ್ರ ಸವರಲೇಬೇಕು. ಮರದಿಂದ ಹಾರುವ ಮಂಗಕ್ಕೆ ಬೇಲಿ ಲೆಕ್ಕಕ್ಕಿಲ್ಲ.

ಅರ್ಥ್‌ಗೆ ಐದಡಿಯ ಮೂರು ಜಿಐ ರಾಡ್, ಹತ್ತಡಿಗೊಂದು, ಮನೆಯ ಅರ್ಥಿಂಗ್‌ನಿಂದ ಮೂವತ್ತಮೂರಡಿ ಆಚೆ. ರಾಡ್, ಜಾಲರಿ, ಮೆಷಿನ್ನಿನ ಅರ್ಥ್ ಟರ್ಮಿನಲ್ ಮೂರನ್ನೂ ಕ್ಲ್ಯಾಂಪ್ ಹಾಕಿ ಬೋಲ್ಟಿನಿಂದ ಬಿಗಿಯಿರಿ. ಬರೀ ಸುತ್ತಿದ ಜಾಗ ತುಕ್ಕು ಹಿಡಿಯುತ್ತದೆ.

ಮನೆಯ 230 ವೋಲ್ಟ್ ಲೈನನ್ನು ಬೇಲಿಗೆ ಕೊಡುವವರು ಈಗಲೂ ಇದ್ದಾರೆ. ಅದು ಅಪರಾಧ, ಪ್ರತಿ ಮಳೆಗಾಲ ಜನ ಸಾಯುತ್ತಾರೆ. ಸೋಲಾರ್ ಬೇಲಿಯ ಮೆಷಿನ್, ಅಂದರೆ ಎನರ್ಜೈಸರ್, ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಪೆಟ್ಟು ಕೊಡುತ್ತದೆ, ನಡುವೆ ಕೈ ಬಿಡಿಸಿಕೊಳ್ಳಬಹುದು. ಮನೆ ಲೈನು ಹಿಡಿದರೆ ಬಿಡುವುದಿಲ್ಲ.

ಇನ್ನು ನಿರ್ವಹಣೆ. ಬೇಲಿ ಕೆಡುವುದು ಹೆಚ್ಚಾಗಿ ಜುಲೈಯಲ್ಲಿ. ಹಸಿ ಹುಲ್ಲು ಕೆಳಗಿನ ತಂತಿಗೆ ತಾಗಿ ಕರೆಂಟು ಸೋರುತ್ತದೆ. ವಾರಕ್ಕೊಮ್ಮೆ ಬುಡ ಸವರಿ, ಬೇಲಿಯ ಕೊನೆಯ ತುದಿಯಲ್ಲಿ ಬೇಲಿಯ ವೋಲ್ಟೇಜ್ ಅಳೆಯುವ ಟೆಸ್ಟರ್ ಹಿಡಿಯುತ್ತೇನೆ. 5000 ವೋಲ್ಟ್ ಮೇಲಿದ್ದರೆ ನೆಮ್ಮದಿ. 4000ಕ್ಕಿಂತ ಕಡಿಮೆಯಾದರೆ ಅಂದೇ ಸೋರಿಕೆ ಹುಡುಕಬೇಕು: ಮೆಷಿನ್ ಆರಿಸಿ ನಡುವೆ ತಂತಿ ಬಿಚ್ಚಿ, ಮೆಷಿನ್ ಮತ್ತೆ ಹಾಕಿ ಮೆಷಿನ್ ಕಡೆಯ ತಂತಿಯಲ್ಲಿ ಅಳೆಯಿರಿ. ವೋಲ್ಟೇಜ್ ಏರಿದರೆ ದೋಷ ಬಿಚ್ಚಿದ ಭಾಗದಲ್ಲಿದೆ. ಅದನ್ನು ಹೀಗೇ ಅರ್ಧರ್ಧ ಮಾಡುತ್ತ ಹೋದರೆ ಬಿರುಕುಬಿಟ್ಟ ಇನ್ಸುಲೇಟರ್ ಸಿಗುತ್ತದೆ. ರಾತ್ರಿಯಾದರೆ ಚಟ್ ಚಟ್ ಸದ್ದೇ ತೋರಿಸಿಕೊಡುತ್ತದೆ. ಬೆಳೆ ಇಲ್ಲವೆಂದು ಮೆಷಿನ್ ಆರಿಸಿಡಬೇಡಿ. ಸತ್ತ ತಂತಿಯನ್ನು ಒಮ್ಮೆ ನುಗ್ಗಿ ದಾಟಿದ ಹಂದಿ ಮತ್ತೆ ಅಲ್ಲಿಗೇ ಬರುತ್ತದೆ.

ನವಿಲಿಗೆ ಇದಾವುದೂ ನಾಟುವುದಿಲ್ಲ, ಹಾರಿ ಇಳಿಯುತ್ತದೆ. ಸಸಿ ಒಂದಡಿ ಬೆಳೆಯುವ ತನಕ ಮಡಿಯ ಮೇಲೆ ಬಿದಿರ ದಬ್ಬೆ ಬಗ್ಗಿಸಿ ಮೀನಿನ ಬಲೆ ಹೊದಿಸುತ್ತೇನೆ. ಈ ಬಲೆ ನೆಲಕ್ಕೆ ತಾಗಿದರೆ ಕೇರೆಹಾವು ಸಿಕ್ಕಿಬೀಳುತ್ತದೆ. ಇಲಿ ಹಿಡಿಯುವ ಹಾವನ್ನು ಕಳೆದುಕೊಳ್ಳಬಾರದು, ಹಾಗಾಗಿ ಕೆಳಗಿನ ಒಂದಡಿಗೆ ಶೇಡ್‌ನೆಟ್ ಕಟ್ಟಿ ಅದರ ಮೇಲಷ್ಟೇ ಬಲೆ ಬಿಡುತ್ತೇನೆ.