ರಸ ಸೋರದಂತೆ ಕೊಂಬೆ ಸವರುವ ಕಾಲ: ನನ್ನ ಅನುಭವ

ಎಲೆ ಉದುರಿಸಿ ನಿಂತ ಮರದಲ್ಲಿ ಯಾವ ಕೊಂಬೆ ಬೇಕು, ಯಾವುದು ಬೇಡ ಎಂಬುದು ಸುಲಭವಾಗಿ ಕಾಣುತ್ತದೆ. ಆದ್ದರಿಂದ ಚಳಿಗಾಲದ ಕೊನೆಯಲ್ಲಿ ಸವರುವುದು ರೂಢಿ. ಸೇಬು, ಮರಸೇಬುಗಳ ಮಟ್ಟಿಗೆ ಅದು ಸರಿಯೂ ಹೌದು. ಆದರೆ ಅಕ್ರೋಟ್, ಮೇಪಲ್, ಬರ್ಚ್ ಮರಗಳಿಗೆ ನಾನು ಆ ಕಾಲದಲ್ಲಿ ಗರಗಸ ತಾಗಿಸುವುದಿಲ್ಲ.

ಚಿಗುರೊಡೆಯುವ ಮುನ್ನ ಬೇರುಗಳು ನೀರನ್ನು ಮೇಲಕ್ಕೆ ಒತ್ತತೊಡಗುತ್ತವೆ, ಅದನ್ನು ಆವಿಯಾಗಿಸಿ ಹೊರಬಿಡಲು ಎಲೆಗಳು ಮಾತ್ರ ಇನ್ನೂ ಬಂದಿರುವುದಿಲ್ಲ; ಆಗ ಕತ್ತರಿಸಿದರೆ ಒತ್ತಡಕ್ಕೆ ಸಿಲುಕಿದ ರಸ ಗಾಯದಿಂದಲೇ ತೊಟ್ಟಿಕ್ಕುತ್ತದೆ. ಮೇಪಲ್‌ನಲ್ಲಿ ಈ ಒತ್ತಡ ಮುಖ್ಯವಾಗಿ ಹುಟ್ಟುವುದು ಕಾಂಡದೊಳಗೇ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಏರಿಳಿತದಿಂದ. ಎಲೆಗಳು ಪೂರ್ತಿ ಬಿಚ್ಚಿಕೊಂಡ ಮೇಲೆ ಅವೇ ನೀರನ್ನು ಮೇಲಕ್ಕೆಳೆಯುವುದರಿಂದ ಸೋರಿಕೆ ನಿಲ್ಲುತ್ತದೆ.

ಹಾಗಾಗಿ ಅಕ್ರೋಟನ್ನು ನಡುಬೇಸಿಗೆಯಲ್ಲಿ ಸವರುತ್ತೇನೆ. ತಾರೀಖಿಗಿಂತ ಎಲೆಯನ್ನೇ ನಂಬುತ್ತೇನೆ: ಎಳೆಯದಿದ್ದಾಗ ತಾಮ್ರದ ಛಾಯೆಯಲ್ಲಿ ಮೆತ್ತಗಿರುವ ಅದು ಕಡುಹಸಿರಾಗಿ ಬಲಿತಿರಬೇಕು. ಆಮೇಲೂ ಮೊದಲು ಪೆನ್ಸಿಲ್ ದಪ್ಪದ ಒಂದು ಕಡ್ಡಿಯನ್ನು ಕತ್ತರಿಸಿ ಸ್ವಲ್ಪ ಹೊತ್ತು ಕಾಯುತ್ತೇನೆ. ಕೊಯ್ದ ಮೈಯಲ್ಲಿ ಹನಿ ಕೂಡಿದರೆ ಆ ದಿನ ಗರಗಸ ಹೊರಬರುವುದಿಲ್ಲ. ಭಾರದ ಕೊಂಬೆಯಾದರೆ ಮೊದಲು ಕೆಳಗಿನಿಂದ ಅರೆಬರೆ ಕೊಯ್ದು, ಅದರಿಂದ ಸ್ವಲ್ಪ ಆಚೆಗೆ ಮೇಲಿನಿಂದ ಕತ್ತರಿಸಿ ಬೀಳಿಸಿ, ಉಳಿದ ಮೋಟನ್ನು ಬುಡದ ಉಬ್ಬಿಗೆ ಗಾಯವಾಗದಂತೆ ತೆಗೆಯುತ್ತೇನೆ. ಗಾಯವನ್ನು ಮುಚ್ಚುವ ಹೊಸ ತೊಗಟೆ ಬೆಳೆಯುವುದು ಆ ಉಬ್ಬಿನಿಂದಲೇ.

ದ್ರಾಕ್ಷಿ ಬಳ್ಳಿಗೆ ಬೇಸಿಗೆಯವರೆಗೆ ಕಾಯಲಾಗದು. ಅದು ಗಾಢ ಸುಪ್ತಾವಸ್ಥೆಯಲ್ಲಿರುವಾಗಲೇ, ಮೊಗ್ಗು ಉಬ್ಬುವುದಕ್ಕೆ ಬಹಳ ಮುಂಚೆ, ಕೆಲಸ ಮುಗಿಸುತ್ತೇನೆ. ತಡವಾದರೆ ಬಳ್ಳಿ ಧಾರಾಳವಾಗಿ ಸುರಿಸುತ್ತದೆ. ಆಗ ಹನಿ ಮೊಗ್ಗಿನ ಮೇಲೆ ಬೀಳದಂತೆ ಕತ್ತರಿಯ ಓರೆಯನ್ನು ಮೊಗ್ಗಿನ ಎದುರು ದಿಕ್ಕಿಗೆ ಇಳಿಸುತ್ತೇನೆ.

ಅಂಜೂರದ ಬಿಳಿ ಹಾಲನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಅದು ಬೇರೆಯೇ ನಾಳಗಳಲ್ಲಿರುವ ದ್ರವ.

ಸೋರಿಕೆಯಿಂದ ಗಟ್ಟಿಮುಟ್ಟಾದ ಮರ ಸಾಯುತ್ತದೆ ಎಂಬ ಭಯ ಅತಿಯಾದದ್ದೆಂದು ನನ್ನ ಅಭಿಪ್ರಾಯ. ಸೋರುವುದರಲ್ಲಿ ಬಹುಪಾಲು ನೀರೇ, ಜೊತೆಗೆ ಅಲ್ಪ ಸಕ್ಕರೆ ಮತ್ತು ಲವಣಗಳು. ಆ ಸಕ್ಕರೆಯ ಮೇಲೆ ಸೂಕ್ಷ್ಮಜೀವಿಗಳು ಬೆಳೆದು ತೊಗಟೆ ಲೋಳೆಯಾಗುವುದೇ ನನಗೆ ಹೆಚ್ಚಿನ ತಲೆನೋವು. ಗಾಳಿಗೆ ಅಕಾಲದಲ್ಲಿ ಕೊಂಬೆ ಮುರಿದರೆ ಸೀಳಿದ ಭಾಗವನ್ನು ನಯವಾಗಿ ಕೊಯ್ದು ಹಾಗೆಯೇ ಬಿಡುತ್ತೇನೆ. ಬಣ್ಣ ಬಳಿದರೂ ಒಳಗಿನ ಒತ್ತಡ ಅದನ್ನು ಎಬ್ಬಿಸಿಬಿಡುತ್ತದೆ, ಎಲೆ ಬಂದೊಡನೆ ತೊಟ್ಟಿಕ್ಕುವುದು ತಾನಾಗಿಯೇ ನಿಲ್ಲುತ್ತದೆ.