ಮಗು ಜೊತೆ ಗೋವಾ ರೆಸಾರ್ಟ್: ಬುಕ್ ಮಾಡುವ ಮುಂಚೆ ಇಷ್ಟು ಕೇಳಿ

ಕೈಗೂಸು ಇದ್ದರೆ ದಕ್ಷಿಣ ಗೋವಾನೇ ವಾಸಿ. ವಾರ್ಕಾ, ಕವೆಲೊಸಿಮ್ ಕಡೆ ಬೀಚ್ ಅಗಲ, ಗಲಾಟೆ ಕಮ್ಮಿ. ಮಡಗಾಂವ್ ಆಸ್ಪತ್ರೆಗಳೂ ತುಂಬಾ ದೂರ ಇಲ್ಲ.

ದುಬಾರಿ ರೆಸಾರ್ಟ್ ಅಂದಮೇಲೆ ಎಲ್ಲ ಇರುತ್ತದೆ ಅಂತ ಸುಮ್ನೆ ನಂಬಬೇಡಿ. ಫೋನ್ ಮಾಡಿ ಕೇಳಿ. ಆ ದಿನಗಳಲ್ಲಿ ಮದುವೆ ಬುಕ್ಕಿಂಗ್ ಇದೆಯಾ? ಇದ್ದರೆ ಡಿಜೆ ಸದ್ದಿಗೆ ಮಗು ಮಲಗಲ್ಲ. ಕೋಣೆಯಿಂದ ನೇರ ಈಜುಕೊಳಕ್ಕೆ ಇಳಿಯುವ ಬಾಗಿಲಿದ್ದರೆ, ಅಂಬೆಗಾಲಿಡುವ ಮಗುವಿಗೆ ಅದು ಖಂಡಿತ ಬೇಡ. ನೋಡೋಕೆ ಎಷ್ಟೇ ಚೆನ್ನಾಗಿರಲಿ. ತೊಟ್ಟಿಲು ಬೇಕೆಂದು ಮೊದಲೇ ಬರೆಸಿ, ಕೋಣೆಗೆ ಬಂದ ಕೂಡಲೇ ಅಲ್ಲಾಡುತ್ತದಾ ಅಂತ ಕೈಯಿಟ್ಟು ನೋಡಿ.

ಅಡುಗೆಮನೆಯವರಿಗೆ ಉಪ್ಪು, ಖಾರ ಇಲ್ಲದ ಮೆತ್ತನೆ ಅನ್ನ ಬೇಯಿಸಿಕೊಡೋಕೆ ಹೇಳಬಹುದು. ರಾಗಿ ಸರಿ ಪುಡಿ ಮಾತ್ರ ಮನೆಯಿಂದಲೇ ಒಯ್ಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೇಟು ಇಳಿದಿರುತ್ತದೆ, ಆದರೆ ಸಮುದ್ರ ಒರಟು. ನೀರಿನ ಹತ್ತಿರ ಮಗುವನ್ನು ಒಯ್ಯಲೇಬೇಡಿ.